ಕ್ಯಾಟಲಾಗ್ ಮುಚ್ಚಿಡಿ, ಮರದ ತುಂಡು ಕೇಳಿ

ಓದುಗರ ಪ್ರಶ್ನೆ, ಮರಗೆಲಸದ ಉತ್ತರ

ದೀಪಾವಳಿಯೊಳಗೆ ಅಡುಗೆಮನೆ ಕೆಲಸ ಮುಗಿಸಬೇಕು ಎನ್ನುವವರ ಪತ್ರಗಳೇ ಈ ಸಲ ಜಾಸ್ತಿ. ಯಾವ ಮರ, ಯಾವ ಬಣ್ಣ ಎನ್ನುವುದೇ ಎಲ್ಲರ ತಲೆಬಿಸಿ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ನಾಲ್ಕಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲನೆಯದು ಉದ್ದವಾಯಿತು. ಆ ಪ್ರಶ್ನೆಯೊಳಗೆ ಉಳಿದ ಎಷ್ಟೋ ಪ್ರಶ್ನೆಗಳಿದ್ದವು.

ಪ್ರಶ್ನೆ: ಅಕ್ಕಾ, ನಾವು ಡೊಂಬಿವಲಿ ಪೂರ್ವದಲ್ಲಿ ಹಳೇ ಕಟ್ಟಡದಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದೇವೆ. ಅಡುಗೆಮನೆ ಏಳು ಅಡಿ ಅಗಲ, ಒಂಬತ್ತು ಅಡಿ ಉದ್ದ. ಕಪ್ಪು ಗ್ರಾನೈಟಿನ ಓಟಾ (ಅಡುಗೆ ಕಟ್ಟೆ) ಚೆನ್ನಾಗಿದೆ, ಅದನ್ನು ಹಾಗೇ ಇಟ್ಟುಕೊಳ್ಳುತ್ತೇವೆ. ಇರುವ ಒಂದು ಕಿಟಕಿ ಡಕ್ಟ್ (ಕಟ್ಟಡದ ಪೈಪು ಹೋಗುವ ಇಕ್ಕಟ್ಟಾದ ಕಿಂಡಿ) ಕಡೆಗೆ. ನನಗೆ ಕಡು ವಾಲ್‌ನಟ್ ಬಣ್ಣದ ಕಪಾಟು ಇಷ್ಟ. ಯಜಮಾನರಿಗೆ ಸಾಗುವಾನಿಯೇ ಬೇಕು. ಮಿಸ್ತ್ರಿ, "ಪೈನ್ ಹಾಕಿ ವಾಲ್‌ನಟ್ ಸ್ಟೇನ್ ಹೊಡೆದರೆ ಯಾರಿಗೂ ಗೊತ್ತಾಗಲ್ಲ, ದುಡ್ಡೂ ಉಳಿಯುತ್ತೆ" ಅನ್ನುತ್ತಾರೆ. ಏನು ಮಾಡೋಣ?
— ಓದುಗರು, ಡೊಂಬಿವಲಿ

ಉತ್ತರ: ಪೈನಿನ ಮಾತು ಮೊದಲು ಮುಗಿಸೋಣ. ಗೊತ್ತಾಗುತ್ತದೆ ತಂಗೀ, ಚೆನ್ನಾಗಿಯೇ ಗೊತ್ತಾಗುತ್ತದೆ. ಪೈನ್ ಹಲಗೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಅಗಲವಾದ ಬಿಳಿ ಪಟ್ಟೆ, ನಡುನಡುವೆ ಸಣ್ಣ ಕಂದು ಗೆರೆ. ಬಿಳಿ ಭಾಗ ಮೆತ್ತಗೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಕಂದು ಗೆರೆ ಗಟ್ಟಿ. ಸ್ಟೇನ್, ಅಂದರೆ ಮರದೊಳಗೆ ಇಂಗುವ ಬಣ್ಣ, ಹಚ್ಚಿದ ಕೂಡಲೇ ಮೆತ್ತನೆಯ ಭಾಗ ಬಣ್ಣವನ್ನೆಲ್ಲ ಕುಡಿಯುತ್ತದೆ, ಗಟ್ಟಿ ಗೆರೆ ಹೆಚ್ಚು ಕುಡಿಯುವುದಿಲ್ಲ. ಬೆಳ್ಳಗಿದ್ದದ್ದು ಕಪ್ಪಾಗುತ್ತದೆ, ಕಂದಾಗಿದ್ದ ಗೆರೆ ತಿಳಿಯಾಗಿ ಉಳಿಯುತ್ತದೆ. ಫೋಟೋದ ನೆಗೆಟಿವ್ ಇರುತ್ತಿತ್ತಲ್ಲ, ಹಾಗೆ ಉಲ್ಟಾ. ಅದರ ಮೇಲೆ ಅಲ್ಲಲ್ಲಿ ಮೋಡದಂಥ ಕಲೆ. ವಾಲ್‌ನಟ್ ಮರದಲ್ಲಿ ಈ ತರಹದ ಗೆರೆ ಇರುವುದೇ ಇಲ್ಲ. ಮರ ಗೊತ್ತಿಲ್ಲದವರಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ತಡೆಯುವ ದಾರಿ ಇದೆ. ಮರದ ಸಣ್ಣ ರಂಧ್ರ ಮುಚ್ಚುವ ಸೀಲರಿಗೆ ತಿನ್ನರ್ ಬೆರೆಸಿ ತೆಳ್ಳಗೆ ಮಾಡಿ ಒಂದು ಕೈ ಹೊಡೆದು, ಒಣಗಿದ ಮೇಲೆ ಬಣ್ಣ ಹಚ್ಚಿದರೆ ಕಲೆ ಕಡಿಮೆಯಾಗುತ್ತದೆ. ಆದರೆ ಬಣ್ಣವೂ ತಿಳಿಯಾಗುತ್ತದೆ. ನಿಮಗೆ ಬೇಕಾದ ಕಡು ಬಣ್ಣ ಬರಬೇಕಾದರೆ ಪಾಲಿಶ್‌ನಲ್ಲೇ ಬಣ್ಣ ಕಲಸಿ ಮೇಲಿಂದ ಮೇಲೆ ಸ್ಪ್ರೇ ಮಾಡಬೇಕು. ಅಷ್ಟು ಹೊತ್ತಿಗೆ ಮರದ ಗೆರೆ ಮುಚ್ಚಿಹೋಗಿರುತ್ತದೆ. ಗೆರೆಯೇ ಕಾಣದ ಮೇಲೆ ಮರಕ್ಕೆ ದುಡ್ಡು ಯಾಕೆ? ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಒಳ್ಳೆಯ ಸನ್‌ಮೈಕಾ ಹಾಕಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒರೆಸಲು ಸುಲಭ, ಎಷ್ಟೋ ವರ್ಷ ಬಾಳುತ್ತದೆ. ಪೈನಿಗೆ ಇನ್ನೊಂದು ತೊಂದರೆ, ಮೆತ್ತಗಿರುವುದರಿಂದ ಕುಕ್ಕರ್ ತಗುಲಿದಲ್ಲೆಲ್ಲ ತಗ್ಗು ಬೀಳುತ್ತದೆ.

ಇನ್ನು ಸಾಗುವಾನಿ. ಇಡೀ ಕಪಾಟನ್ನು ಗಟ್ಟಿ ಸಾಗುವಾನಿಯಲ್ಲಿ ಮಾಡಿಸುವ ಅಗತ್ಯ ಇಲ್ಲ. ಒಳಗಿನ ಪೆಟ್ಟಿಗೆ ಯಾರಿಗೂ ಕಾಣುವುದಿಲ್ಲ, ಆದರೆ ನೀರು ಬೀಳುವುದು ಅಲ್ಲೇ. ಅದಕ್ಕೆ ಮರೀನ್ ಪ್ಲೈ ಹಾಕಿಸಿ. ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು. ಆ ಪ್ಲೈನ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಬಾಯಿಮಾತಿನ "ವಾಟರ್‌ಪ್ರೂಫ್" ನಂಬಬೇಡಿ, ಹಲಗೆ ಕೊಯ್ಯುವ ಮೊದಲು ಮುದ್ರೆಯ ಫೋಟೋ ತೆಗೆದಿಟ್ಟುಕೊಳ್ಳಿ. ಸಿಂಕಿನ ಕೆಳಗಂತೂ ರಾಜಿಯೇ ಬೇಡ.

ಕಾಣುವ ಬಾಗಿಲುಗಳಿಗೆ ಪ್ಲೈ ಮೇಲೆ ಸಾಗುವಾನಿ ವೆನೀರ್, ಅಂದರೆ ಮರದ ತೆಳು ಹಾಳೆ, ಸಾಕು. ಇಲ್ಲಿ ಮೂರು ಮಾತು ಮಿಸ್ತ್ರಿಗೆ ಮೊದಲೇ ಹೇಳಿಬಿಡಿ. ವೆನೀರ್ ಒಂದೇ ಬದಿಗೆ ಅಂಟಿಸಿದರೆ ಬಾಗಿಲು ಬಿಲ್ಲಿನಂತೆ ಬಗ್ಗುತ್ತದೆ. ಹಿಂದಿನ ಬದಿಗೂ ಏನಾದರೂ ಅಂಟಿಸಲೇಬೇಕು. ಅಂಚಿಗೆ ಹೊಡೆಯುವ ಪಟ್ಟಿಯೂ ಸಾಗುವಾನಿಯೇ ಆಗಿರಲಿ. ಮುಂಬೈಯಲ್ಲಿ ಅಂಚಿಗೆ ಸ್ಟೀಮ್ ಬೀಚ್ ಪಟ್ಟಿ ಹೊಡೆಯುವವರು ತುಂಬಾ ಜನ. ಬೇರೆ ಮರ ಬೇರೆ ತರಹ ಬಣ್ಣ ಕುಡಿಯುತ್ತದೆ, ಕಡೆಗೆ ಪ್ರತಿ ಬಾಗಿಲಿಗೂ ಒಂದು ಚೌಕಟ್ಟು ಬರೆದಹಾಗೆ ಕಾಣುತ್ತದೆ. ಮತ್ತೆ, ವೆನೀರಿನ ಮೇಲಿನ ಮರದ ಪದರ ಕಾಗದದಷ್ಟೇ ದಪ್ಪ. ಮಷೀನಿನಲ್ಲಿ ಜೋರಾಗಿ ಉಜ್ಜಿದರೆ ಅಂಚಿನಲ್ಲಿ ಮರ ಸವೆದು ಕೆಳಗಿನ ಪ್ಲೈ ಇಣುಕುತ್ತದೆ. ಅಲ್ಲಿ ಸ್ಟೇನ್ ಬಿದ್ದರೆ ಆ ಜಾಗ ಬೇರೆಯೇ ಕಾಣುತ್ತದೆ, ಮತ್ತೆ ಸರಿಮಾಡಲು ಆಗುವುದಿಲ್ಲ.

ವೆನೀರ್ ಆರಿಸಲು ನೀವಿಬ್ಬರೂ ಹೋಗಿ. ಅಂಗಡಿಯಲ್ಲಿ ಅಂಗೈಯಷ್ಟು ತುಂಡು ತೋರಿಸುತ್ತಾರೆ, ಅದು ಸಾಲದು. ಎಂಟು ಅಡಿಯ ಇಡೀ ಶೀಟನ್ನು ಗೋಡೆಗೆ ನಿಲ್ಲಿಸಿ ನೋಡಿ. ಬೆಟ್ಟದ ತುದಿಯಂತೆ ಗೆರೆ ಏರಿ ಇಳಿಯುವುದನ್ನು ಕ್ರೌನ್ ಅನ್ನುತ್ತಾರೆ, ನೇರ ಗೆರೆಯದ್ದನ್ನು ಕ್ವಾರ್ಟರ್ ಅನ್ನುತ್ತಾರೆ. ನಿಮ್ಮಂಥ ಸಣ್ಣ ಅಡುಗೆಮನೆಗೆ ನೇರ ಗೆರೆ ಒಳ್ಳೆಯದು. ಸಣ್ಣ ಸಣ್ಣ ಬಾಗಿಲು, ಡ್ರಾಯರ್, ಟ್ರಾಲಿ ಮುಖಗಳಲ್ಲಿ ಕ್ರೌನ್ ತುಂಡಾಗಿ ಕಣ್ಣಿಗೆ ಗಲಿಬಿಲಿ. ಬೇಕಾದಷ್ಟೂ ಶೀಟುಗಳನ್ನು ಒಂದೇ ಲಾಟಿನಿಂದ, ಒಂದೇ ಸಲ ತೆಗೆದುಕೊಳ್ಳಿ. ಒಂದು ಶೀಟು ಕಡಿಮೆ ಬಿತ್ತು ಅಂತ ತಿಂಗಳು ಬಿಟ್ಟು ಹೋದರೆ ಅದೇ ಬಣ್ಣ ಸಿಗುವುದು ಕಷ್ಟ.

ಯಜಮಾನರಿಗೆ ಗಟ್ಟಿ ಮರವೇ ಬೇಕು ಎಂದಿದ್ದರೆ ಮುಂಬೈಯಲ್ಲಿ ಒಂದು ಅನುಕೂಲ ಇದೆ. ಹಳೇ ಕಟ್ಟಡ ಕೆಡವಿದಾಗ ಬರುವ ಬರ್ಮಾ ಸಾಗುವಾನಿ ಇಲ್ಲಿ ಇನ್ನೂ ಸಿಗುತ್ತದೆ. ಆ ತೊಲೆಗಳು ಎಷ್ಟೋ ದಶಕ ಒಣಗಿದಂಥವು. ಹೊಸ ಮರಕ್ಕಿಂತ ಅದು ಮಿಸುಕುವುದು ಕಡಿಮೆ. ರೇ ರೋಡಿನ ಟಿಂಬರ್ ಮಾರ್ಕೆಟ್ ಕಡೆ ಒಂದು ದಿನ ಬಿಡುವು ಮಾಡಿಕೊಂಡು ತಿರುಗಿ. ಕೊಯ್ಯಿಸುವ ಮೊದಲು ಆಯಸ್ಕಾಂತ ಆಡಿಸಿ ಮೊಳೆ ಇದೆಯಾ ನೋಡಲು ಹೇಳಿ.

ಈಗ ಬಣ್ಣ. ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ ಇದು. ಜನ ಮೊದಲು ಬಣ್ಣ ಆರಿಸುತ್ತಾರೆ, ಆಮೇಲೆ ಮರ, ಕೊನೆಗೆ ಪಾಲಿಶ್. ಇದನ್ನು ಪೂರ್ತಿ ತಿರುಗಿಸಿ. ಮೊದಲು ಮರ, ಆಮೇಲೆ ಪಾಲಿಶ್, ಕೊನೆಗೆ ಬಣ್ಣ. ಯಾಕೆಂದರೆ ಶೇಡ್ ಕಾರ್ಡಿನಲ್ಲಿರುವ "ವಾಲ್‌ನಟ್" ಯಾವುದೋ ಮರದ ಮೇಲೆ, ಯಾವುದೋ ಪಾಲಿಶ್ ಕೆಳಗೆ ಬಂದ ಬಣ್ಣ. ಅದೇ ಡಬ್ಬಿಯ ಸ್ಟೇನ್ ಬಿಳಿ ಆಶ್ ಮರದ ಮೇಲೆ ಒಂದು ತರಹ, ಸಾಗುವಾನಿ ಮೇಲೆ ಇನ್ನೊಂದು ತರಹ. ಸಾಗುವಾನಿಯ ಹೊಂಬಣ್ಣ ಕೆಳಗಿಂದ ಸೇರಿ ಸ್ವಲ್ಪ ಕೆಂಪಗಾಗುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ನಿಮ್ಮದೇ ವೆನೀರ್ ಶೀಟಿನಿಂದ ಒಂದಡಿಯ ತುಂಡು ಕೊಯ್ಸಿ. ಮೊದಲು ಒದ್ದೆ ಬಟ್ಟೆಯಿಂದ ಬರೀ ಮರವನ್ನು ಒರೆಸಿ ನೋಡಿ. ಒದ್ದೆಯಾದಾಗ ಕಾಣುವ ಬಣ್ಣವೇ, ಸ್ಟೇನ್ ಇಲ್ಲದೆ ಪಾಲಿಶ್ ಮಾಡಿದರೆ ಬರುವ ಬಣ್ಣ, ಹೆಚ್ಚು ಕಡಿಮೆ. ಎಷ್ಟೋ ಮನೆಗಳವರು ಅದನ್ನು ನೋಡಿ, "ಸ್ಟೇನ್ ಯಾಕೆ, ಇದೇ ಇರಲಿ" ಅಂದಿದ್ದಾರೆ. ಬೇಕೇ ಬೇಕು ಎಂದರೆ ಅದೇ ತುಂಡಿನ ಮೇಲೆ ಮೂರು ಪಟ್ಟಿ ಹಚ್ಚಿಸಿ, ತಿಳಿ, ನಡು, ಕಡು. ಮೇಲೆ ಸೀಲರ್, ಮೇಲೆ ನೀವು ಹೊಡೆಸುವ ಪಾಲಿಶ್, ಎಲ್ಲ ಆಗಬೇಕು. ಬರೀ ಸ್ಟೇನ್ ಒಣಗಿದಾಗ ಬೂದಿ ಹಿಡಿದಹಾಗೆ ಕಾಣುತ್ತದೆ, ಪಾಲಿಶ್ ಬಿದ್ದ ಮೇಲೆ ಏಕ್‌ದಮ್ ಕಡು. ಆ ತುಂಡನ್ನು ಟೇಬಲ್ ಮೇಲೆ ಮಲಗಿಸಿ ನೋಡಬೇಡಿ. ಓಟಾದ ಕೆಳಗೆ, ಬಾಗಿಲು ಬರುವ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ ನೋಡಿ. ರಾತ್ರಿ ಲೈಟ್ ಹಾಕಿಕೊಂಡು ನೋಡಿ. 6500 ಕೆಲ್ವಿನ್‌ನ ಬಿಳಿ ಟ್ಯೂಬಿನ ಕೆಳಗೆ ಕಂದು ಬಣ್ಣ ಮಂಕಾಗಿ ಬೂದು ತಿರುಗುತ್ತದೆ, 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಅದೇ ಬಣ್ಣ ಕೆಂಪಗೆ ಬೆಚ್ಚಗೆ. ಅಡುಗೆಮನೆಗೆ 4000 ಕೆಲ್ವಿನ್ ಹಾಕಿಸಿ, ತರಕಾರಿಯ ಬಣ್ಣವೂ ಸರಿ ಕಾಣುತ್ತದೆ, ಮರವೂ.

ನಿಮ್ಮ ಮನೆಗೆ ನನ್ನ ಸಲಹೆ ಕೇಳಿದರೆ: ಕಿಟಕಿ ಡಕ್ಟ್ ಕಡೆಗೆ, ಓಟಾ ಕಪ್ಪು. ಇದರ ಜೊತೆ ಮೇಲೂ ಕೆಳಗೂ ಕಡು ವಾಲ್‌ನಟ್ ಹಾಕಿದರೆ ಮಧ್ಯಾಹ್ನವೂ ಲೈಟ್ ಬೇಕು. ಮೇಲಿನ ಕಪಾಟು ಸ್ಟೇನ್ ಇಲ್ಲದ ಸಾಗುವಾನಿ ಇರಲಿ. ಓಟಾದ ಕೆಳಗಿನದಕ್ಕೆ ಅದೇ ವೆನೀರಿನ ಮೇಲೆ ನಡು ಕಂದು. ಗೆರೆ ಒಂದೇ ಇರುವುದರಿಂದ ಎರಡೂ ಒಂದೇ ಮನೆಯವೆಂದು ಕಾಣುತ್ತವೆ, ನಿಮ್ಮಿಬ್ಬರ ಮಾತೂ ನಡೆಯುತ್ತದೆ. ತೀರಾ ಕಡು ಬಣ್ಣದಲ್ಲಿ ಹಿಟ್ಟಿನ ಕೈ, ಎಣ್ಣೆ ಕೈ, ಬೋರ್ ನೀರಿನ ಬಿಳಿ ಹನಿ ಎಲ್ಲ ಎದ್ದು ಕಾಣುತ್ತವೆ. ದಿನಾ ಒರೆಸುವವರು ನೀವು, ಅಂಗಡಿಯವರಲ್ಲ.

ಪಾಲಿಶ್‌ಗೆ ಪಿಯು (ಪಾಲಿಯುರೆಥೇನ್) ಹೊಡೆಸಿ, ಸ್ಯಾಟಿನ್ ಹೊಳಪು. ಪೂರ್ತಿ ಮಿರುಗುವುದರಲ್ಲಿ ಬೆರಳಿನ ಗುರುತು ಕಾಣುತ್ತದೆ. ಪೂರ್ತಿ ಮ್ಯಾಟ್ ಆದರೆ ಹಿಡಿಕೆಯ ಸುತ್ತ ಕೈ ಉಜ್ಜಿ ಉಜ್ಜಿ ಆ ಜಾಗ ಮಾತ್ರ ಹೊಳೆಯುತ್ತದೆ. ಲಾಖಿನ (ಅರಗಿನ) ಸ್ಪಿರಿಟ್ ಪಾಲಿಶ್ ನೋಡಲು ಬಲು ಚಂದ, ನನಗೂ ಪ್ರೀತಿ. ಆದರೆ ಕುಕ್ಕರಿನ ಹಬೆಗೆ ಅದು ಬೆಳ್ಳಗಾಗುತ್ತದೆ, ವಾಷಿಂಗ್ ಸೋಡಾ ನೀರಿಗೆ ಕರಗುತ್ತದೆ. ಅದನ್ನು ದೇವರ ಮಂಟಪಕ್ಕೆ ಇಟ್ಟುಕೊಳ್ಳಿ. ಪಿಯು ಮೇಲೆ ಅರಿಶಿನ ಬಿದ್ದರೆ ಕೂಡಲೇ ಒರೆಸಿ, ಹೋಗುತ್ತದೆ. ಸ್ವಲ್ಪ ಹಳದಿ ಉಳಿದರೂ ಗಾಬರಿ ಬೇಡ, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಬಣ್ಣ ಒಪ್ಪಿದ ಮೇಲೆ ಆ ತುಂಡಿನ ಹಿಂದೆ ಸ್ಟೇನ್ ಯಾವುದು, ಎಷ್ಟಕ್ಕೆ ಎಷ್ಟು ತಿನ್ನರ್ ಎಂದು ಪಾಲಿಶ್‌ವಾಲಾ ಕೈಯಲ್ಲೇ ಬರೆಸಿ ಎತ್ತಿಡಿ. ಮುಂದೆ ಬಾಗಿಲಿಗೆ ಗೀರು ಬಿದ್ದಾಗ ಅದೊಂದೇ ಆಧಾರ.

ಪ್ರಶ್ನೆ: ನಮ್ಮ ಕಾಂಟ್ರ್ಯಾಕ್ಟರ್ ಜುಲೈಯಲ್ಲಿ ಪಾಲಿಶ್ ಮಾಡಿದರೆ ರೇಟು ಕಡಿಮೆ ಮಾಡುತ್ತಾರಂತೆ. ಒಪ್ಪಬಹುದಾ?
— ಓದುಗರು, ಬೊರಿವಲಿ

ಉತ್ತರ: ಬೇಡ. ತಿನ್ನರ್ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ. ಮುಂಬೈ ಮಳೆಗಾಲದ ಗಾಳಿಯ ನೀರು ಅಲ್ಲೇ ಕೂತು ಪಾಲಿಶ್ ಒಳಗೆ ಸಿಕ್ಕಿಕೊಳ್ಳುತ್ತದೆ, ಹಾಲು ಚೆಲ್ಲಿದ ಬಣ್ಣ ಬರುತ್ತದೆ. ಪಿಯುನಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ಪ್ಲೈ ಕೆಲಸ ಮಳೆಯಲ್ಲಿ ಮಾಡಿಸಿ, ಪಾಲಿಶ್‌ಗೆ ಅಕ್ಟೋಬರ್ ಬಿಸಿಲು ಬರಲಿ. ಸ್ಪ್ರೇ ಮಾಡುವ ದಿನಗಳಲ್ಲಿ ಮಕ್ಕಳನ್ನೂ ದಮ್ಮು ಇರುವವರನ್ನೂ ಬೇರೆ ಕಡೆ ಕಳಿಸಿ. ಪಿಯು ಬದಲು ಮೆಲಮೈನ್ ಪಾಲಿಶ್ ಹೊಡೆಸಿದರೆ ಕಣ್ಣುರಿಸುವ ವಾಸನೆ ಕೆಲವು ದಿನ ನಿಲ್ಲುತ್ತದೆ, ಕಿಟಕಿ ತೆರೆದೇ ಇಡಿ.

ಪ್ರಶ್ನೆ: ನಾವು ಪುಣೆಯ ಕೋಥರೂಡಿನಲ್ಲಿದ್ದೇವೆ. ಧಾರವಾಡದ ತವರುಮನೆ ಮಾರಿದಾಗ ಅಪ್ಪ ಮಾಡಿಸಿದ್ದ ಸಾಗುವಾನಿ ಕಪಾಟಿನ ಬಾಗಿಲುಗಳನ್ನು ತಂದಿಟ್ಟುಕೊಂಡಿದ್ದೇನೆ. ಹೊಸ ಅಡುಗೆಮನೆಗೆ ಅವನ್ನೇ ಹಾಕುವ ಆಸೆ. ಆದರೆ ಬಣ್ಣ ಕರೀ ಕಾಫಿಯಂತಿದೆ, ಹಿಡಿಕೆಯ ಸುತ್ತ ಕಪ್ಪು ಕಲೆ. ತಿಳಿ ಬಣ್ಣದ ಸ್ಟೇನ್ ಹೊಡೆದರೆ ಆಗುತ್ತದೆಯೇ?
— ಓದುಗರು, ಪುಣೆ

ಉತ್ತರ: ಅಪ್ಪನ ಬಾಗಿಲನ್ನು ಬಿಡದೆ ತಂದಿರಲ್ಲ, ತುಂಬಾ ಖುಷಿಯಾಯಿತು. ಆದರೆ ಸ್ಟೇನ್ ಮರವನ್ನು ಕಡು ಮಾಡುತ್ತದೆಯೇ ಹೊರತು ತಿಳಿ ಮಾಡುವುದಿಲ್ಲ. ಹಳೆಯದನ್ನು ತೆಗೆಯಬೇಕು.

ಮೊದಲು ಒಳಬದಿಯ ಮೂಲೆಯಲ್ಲಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಉಜ್ಜಿ. ಹತ್ತಿ ಕಂದಾಗಿ, ಜಾಗ ಅಂಟಂಟಾದರೆ ಅದು ಲಾಖಿನ ಪಾಲಿಶ್. ನಿಮ್ಮ ಅದೃಷ್ಟ ಅಂದುಕೊಳ್ಳಿ. ಹಳೇ ಕಾಲದಲ್ಲಿ ಬಣ್ಣವನ್ನು ಎಷ್ಟೋ ಸಲ ಪಾಲಿಶ್‌ನಲ್ಲೇ ಬೆರೆಸುತ್ತಿದ್ದರು, ಹಾಗಿದ್ದರೆ ಪಾಲಿಶ್ ಜೊತೆ ಬಣ್ಣವೂ ಬಹುಪಾಲು ಬಂದುಬಿಡುತ್ತದೆ. ಸ್ಪಿರಿಟ್‌ಗೆ ಜಗ್ಗದೆ ತಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪೇಂಟ್ ರಿಮೂವರ್ ಬೇಕು, ಅದನ್ನು ಗಾಳಿ ಆಡುವ ಜಾಗದಲ್ಲಿ ಗ್ಲೌಸ್ ಹಾಕಿಯೇ ಮಾಡಿಸಿ. ತೆಗೆದಾದ ಮೇಲೆ 120, 180, 220 ನಂಬರಿನ ಪೇಪರಿನಲ್ಲಿ, ಗೆರೆ ಹೋದ ದಿಕ್ಕಿಗೇ, ಕೈಯಲ್ಲಿ ಉಜ್ಜಿಸಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಒಂದೊಂದೂ ಎದ್ದು ಬರುತ್ತದೆ. ಚೌಕಟ್ಟು ಗಟ್ಟಿ ಮರವಾಗಿದ್ದು ನಡುವಿನ ಹಲಗೆ ವೆನೀರ್ ಪ್ಲೈ ಆಗಿರಬಹುದು. ಅಂಚು ನೋಡಿ ಖಾತ್ರಿ ಮಾಡಿಕೊಳ್ಳಿ, ಅದನ್ನು ಮೆತ್ತಗೆ ಉಜ್ಜಬೇಕು.

ಹಿಡಿಕೆಯ ಸುತ್ತಲಿನ ಕಪ್ಪು ಕೊಳೆಯಾಗಿರಲಿಕ್ಕಿಲ್ಲ. ಸಾಮಾನ್ಯವಾಗಿ ಕಬ್ಬಿಣದ ಸ್ಕ್ರೂ, ಒದ್ದೆ ಕೈ ಮತ್ತು ಮರದೊಳಗಿನ ಒಗರು ಸೇರಿ ಹಾಗಾಗುತ್ತದೆ. ಉಜ್ಜಿದರೆ ಪೂರ್ತಿ ಹೋಗುವುದಿಲ್ಲ, ಆಳಕ್ಕೆ ಇಳಿದಿರುತ್ತದೆ. ಅದಕ್ಕೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ಪ್ಲಾಸ್ಟಿಕ್ ಬಟ್ಟಲಲ್ಲಿ ಬಿಸಿನೀರಿಗೆ ಕಲಸಿ, ಕಲೆಯ ಮೇಲೆ ಹಚ್ಚಿ ಬಿಟ್ಟು, ಆಮೇಲೆ ಬರೀ ನೀರಿನಿಂದ ಎರಡು ಮೂರು ಸಲ ಒರೆಸಿ ಒಣಗಿಸಬೇಕು. ಕಪ್ಪು ಕಣ್ಣೆದುರೇ ತಿಳಿಯಾಗುತ್ತದೆ. ಇದು ವಿಷ, ನೆನಪಿರಲಿ. ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗಬಾರದು, ಪೂರ್ತಿ ತೊಳೆಯದೆ ಒಣ ಉಜ್ಜಿ ಧೂಳು ಉಸಿರಿಗೆ ಎಳೆದುಕೊಳ್ಳಬಾರದು. ಮುಂದೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಕಬ್ಬಿಣದ ನಾರಿನಿಂದ ಈ ಮರವನ್ನು ಯಾವತ್ತೂ ತಿಕ್ಕಬೇಡಿ, ಸಿಕ್ಕಿಕೊಂಡ ಎಳೆಗಳೇ ಮತ್ತೆ ಕಪ್ಪು ಮಾಡುತ್ತವೆ.

ಸಾಗುವಾನಿಯಲ್ಲಿ ಎಣ್ಣೆ ಅಂಶ ಇದೆ. ಪಿಯು ಹೊಡೆಯುವ ಮೊದಲು ತಿನ್ನರ್ ಬಟ್ಟೆಯಿಂದ ಒರೆಸದಿದ್ದರೆ ಪಾಲಿಶ್ ಒಣಗಲು ಸತಾಯಿಸುತ್ತದೆ. ಉಜ್ಜಿದ ಹೊಸತರಲ್ಲಿ ಮರ ಅಲ್ಲಲ್ಲಿ ಹಸಿರು, ಅಲ್ಲಲ್ಲಿ ಹಳದಿ ಕಾಣುತ್ತದೆ. ಹೆದರಿ ಸ್ಟೇನ್ ಹಚ್ಚಿಬಿಡಬೇಡಿ. ಕೆಲವು ವಾರ ಬೆಳಕು ಕಂಡರೆ ತಾನಾಗಿ ಒಂದೇ ಹೊಂಬಣ್ಣಕ್ಕೆ ಬರುತ್ತದೆ. ಹೊಸ ಅಳತೆಗೆ ಪಟ್ಟಿ ಜೋಡಿಸಬೇಕಾಗಿ ಬಂದರೆ ಆ ಹೊಸ ಪಟ್ಟಿಗಷ್ಟೇ ತೆಳು ಸ್ಟೇನ್ ಹಚ್ಚಿ ಹಳೆಯದಕ್ಕೆ ಹೊಂದಿಸಿ. ಅಪ್ಪನ ಮರಕ್ಕೆ ಬರೀ ಪಿಯು ಸಾಕು.

ಪ್ರಶ್ನೆ: ಅಕ್ಕಾ, ನಾವು ಮಡಗಾಂವದಲ್ಲಿ ಇರುವುದು. ಕಾರವಾರದ ಹತ್ತಿರ ಊರಮನೆಯಲ್ಲಿ ಹಳೇ ಹಲಸಿನ ಮರ ಗಾಳಿಗೆ ಬಿತ್ತು. ಕೊಯ್ಸಿಟ್ಟಿದ್ದೇವೆ. ಇಲ್ಲಿನ ಅಡುಗೆಮನೆ ಬಾಗಿಲುಗಳಿಗೆ ಅದೇ ಆಗಬಹುದಾ? ಹಳದಿ ಬಣ್ಣ ಮನೆಯವರಿಗೆ ಇಷ್ಟವಿಲ್ಲ, ಮಹಾಗನಿ ಕೆಂಪು ಸ್ಟೇನ್ ಹೊಡೆಸೋಣ ಅನ್ನುತ್ತಾರೆ.
— ಓದುಗರು, ಮಡಗಾಂವ

ಉತ್ತರ: ಆಗಬಹುದು, ಖಂಡಿತ ಮಾಡಿಸಿ. ವೀಣೆ ಮಾಡುವ ಮರ ಅದು. ನಾನು ಬೆಳೆದದ್ದು ಯಲ್ಲಾಪುರದ ಕಡೆ, ಅಪ್ಪನ ಸಾಮಿಲ್ಲಿನಲ್ಲಿ. ಹಲಸು ಕೊಯ್ದ ದಿನ ನೆಲವೆಲ್ಲ ಅರಿಶಿನದ ಬಣ್ಣದ ಪುಡಿ. ಆ ಹಳದಿ ನೋಡಿ ಬೇಡ ಎಂದವರನ್ನು ಅಪ್ಪ ಮನೆಯೊಳಗೆ ಕರೆದು ಹಳೇ ಬಾಗಿಲು ತೋರಿಸುತ್ತಿದ್ದರು. ಅದೂ ಹಲಸೇ, ಬಣ್ಣ ಮಾತ್ರ ಹಳೇ ಜೇನಿನ ಕಂದು. ಬೆಳಕು ಕಂಡಷ್ಟೂ ಹಲಸು ಹಳದಿ ಬಿಟ್ಟು ಕಂದಿಗೆ ತಿರುಗುತ್ತದೆ. ಕರಾವಳಿಯ ಹಳೇ ಮನೆಗಳ ಬಾಗಿಲು, ಮುಚ್ಚಿಗೆ ನೋಡಿ. ಮನೆಯವರಿಗೂ ತೋರಿಸಿ.

ಮಹಾಗನಿ ಕೆಂಪು ಬೇಡವೇ ಬೇಡ. ಹಳದಿ ಮೇಲೆ ಕೆಂಪು ಬಿದ್ದರೆ ಕಿತ್ತಳೆ. ಆಮೇಲೆ ಕೆಳಗಿನ ಮರ ಕಂದಾಗುತ್ತಾ ಹೋದಂತೆ ಮೇಲಿನ ಬಣ್ಣವೂ ಮಂಕಾಗುತ್ತದೆ, ಯಾವ ವರ್ಷ ಹೇಗೆ ಕಾಣುತ್ತದೆ ಅಂತ ಹೇಳಲಾಗುವುದಿಲ್ಲ. ಬಣ್ಣ ಹಾಕದೆ ಪಿಯು ಹೊಡೆಸಿ ಬಿಡಿ. ಮೊದಲ ಕೆಲವು ತಿಂಗಳು ಬಾಗಿಲಿಗೆ ಕ್ಯಾಲೆಂಡರ್, ಟವೆಲ್ ತೂಗುಹಾಕಬೇಡಿ, ಮುಚ್ಚಿದ ಜಾಗ ಹಳದಿಯಾಗೇ ಉಳಿಯುತ್ತದೆ.

ಆದರೆ ಅವಸರ ಬೇಡ. ಒಂದು ಇಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ಸುಮಾರು ಒಂದು ವರ್ಷ ಎನ್ನುವುದು ನಮ್ಮ ಕಸುಬಿನ ಲೆಕ್ಕ. ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ರೀಪು ಇಟ್ಟು ಗಾಳಿ ಆಡುವಂತೆ ಪೇರಿಸಿ. ಎರಡೂ ತುದಿಗೆ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ತುದಿಯಿಂದ ಸೀಳುತ್ತದೆ. ಹೊರಗಿನ ಬಿಳಿ ಭಾಗಕ್ಕೆ ಹುಳ ಹೊಡೆಯುತ್ತದೆ, ಅದನ್ನು ಕೊಯ್ದು ತೆಗೆಯಿರಿ, ಕೆಚ್ಚು ಮಾತ್ರ ಬಳಸಿ. ಗಡಿ ದಾಟಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ, ಕಾಗದ ಏನು ಬೇಕೋ ಮಾಡಿಸಿಕೊಳ್ಳಿ.

ಗೋವಾದ ಮಳೆಗೆ ಗಟ್ಟಿ ಮರ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದಕ್ಕೆ ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ ಸಡಿಲವಾಗಿ ಕೂರಿಸಬೇಕು, ಅಂಟು ಹಾಕಬಾರದು. ಕೂರಿಸುವ ಮೊದಲೇ ನಡುಹಲಗೆಗೆ ಅಂಚಿನ ತನಕ ಪೂರ್ತಿ ಪಾಲಿಶ್ ಆಗಿರಬೇಕು. ಜೋಡಿಸಿದ ಮೇಲೆ ಪಾಲಿಶ್ ಮಾಡಿದರೆ ಏಪ್ರಿಲ್‌ನಲ್ಲಿ ಹಲಗೆ ಕುಗ್ಗಿ, ಚೌಕಟ್ಟಿನ ಪಕ್ಕ ಪಾಲಿಶ್ ಕಾಣದ ಹಳದಿ ಗೆರೆಯೊಂದು ಹೊರಬರುತ್ತದೆ. ಬಾಗಿಲಿನ ಹಿಂಬದಿಗೂ ಮುಂಬದಿಯಷ್ಟೇ ಕೋಟ್ ಬೀಳಲಿ. ಸಮುದ್ರದ ಉಪ್ಪುಗಾಳಿಗೆ ಸಾದಾ ಕೀಲು ತುಕ್ಕು ಹಿಡಿಯುತ್ತದೆ, ಕೀಲು ಸ್ಕ್ರೂ ಎರಡೂ 304 ನಂಬರಿನ ಸ್ಟೇನ್‌ಲೆಸ್ ಸ್ಟೀಲಿನದ್ದೇ ಕೇಳಿ ತೆಗೆದುಕೊಳ್ಳಿ.